ಮಾಣಿಗೆ ಕೆನಡಾ ಪಾಸ್‌ಪೋರ್ಟ್ ಬಂತಂತೆ

ಆಚೆಮನೆ ಅಕ್ಕನ ಮಾಣಿಗೆ ಕೆನಡಾದ ಪೌರತ್ವ ಸಿಕ್ಕಿದ್ದು ನಿಮಗೂ ಗೊತ್ತಲ್ಲ, ಶಿರಸಿ ಪೇಟೆಯೆಲ್ಲ ಸುತ್ತಿ ಬಂದ ಸುದ್ದಿ ಅದು. ಇನ್ನು ಟೊರಾಂಟೊದಲ್ಲೇ ಮನೆ ಮಾಡಿ ಉಳಿಯುತ್ತಾನೆ ಅಂತ ನಾವೆಲ್ಲ ಅಂದುಕೊಂಡರೆ, ಅವನು ಗಂಟುಮೂಟೆ ಕಟ್ಟಿದ್ದು ಅಮೆರಿಕದ ಸಿಯಾಟಲ್‌ಗೆ! "ಅಮೆರಿಕಕ್ಕೇ ಹೋಗುವುದಾದರೆ ಕೆನಡಾದವನು ಯಾಕಾಗಬೇಕಿತ್ತು?" ಅಂತ ಅಕ್ಕ ಕೇಳಿದರು. ಕೇಳುವ ಮಾತೇ, ಅಲ್ವಾ?

ದಾರಿ ಇರುವುದೇ ಹಾಗೆ ಮಾರಾಯ್ರೆ. ನಮ್ಮ ಪಾಸ್‌ಪೋರ್ಟ್ ಹಿಡಿದವರಿಗೆ ಅಲ್ಲಿ ಕಂಪನಿ ಕೆಲಸ ಬೇಕೆಂದರೆ ಹೆಚ್ಚಾಗಿ ಎಚ್‌-1ಬಿ ವೀಸಾದ ಲಾಟರಿಯೇ ಗತಿ. ವರ್ಷಕ್ಕೆ 85,000 ಜಾಗ, ಅರ್ಜಿ ಮಾತ್ರ ಲಕ್ಷಗಟ್ಟಲೆ. ಕೆನಡಾ ಪೌರರಿಗೆ ಟಿಎನ್ ಅಂತ ಬೇರೆ ಬಾಗಿಲಿದೆ. 1994ರ ನಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಬಂದದ್ದು, 2020ರಲ್ಲಿ ಹೊಸ ಒಪ್ಪಂದ ಬಂದರೂ ಉಳಿದುಕೊಂಡಿತು. ಕಂಪನಿಯ ಪತ್ರ, ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟ್ ಹಿಡಿದು ಟೊರಾಂಟೊ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಅಧಿಕಾರಿಯ ಮುಂದೆ ನಿಲ್ಲಬಹುದು. ಅವರು ಒಪ್ಪಿದರೆ ಒಂದು ಸಲಕ್ಕೆ ಮೂರು ವರ್ಷದವರೆಗೆ, ಆಮೇಲೆ ಮತ್ತೆ ಕೇಳಿದರಾಯಿತು. ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಇದ್ದರೆ ಸಾಲದು, ಪೌರರೇ ಆಗಿರಬೇಕು. ಅದಕ್ಕೇ ಮಾಣಿ ಐದು ವರ್ಷದೊಳಗೆ 1,095 ದಿನ ಅಲ್ಲಿದ್ದು ಲೆಕ್ಕ ತುಂಬಿಸಿದ್ದು.

ಆ ಟಿಎನ್ ಪಟ್ಟಿ ಒಮ್ಮೆ ನೋಡಬೇಕು ನೀವು. ಅರವತ್ತು ಚಿಲ್ಲರೆ ಉದ್ಯೋಗಗಳಿವೆ. ಎಂಜಿನಿಯರ್, ನರ್ಸ್, ಅಕೌಂಟೆಂಟ್ ಸರಿ, ಜೇನುಹುಳದ ವಿಜ್ಞಾನಿಗೂ ಅದರಲ್ಲಿ ಜಾಗ! ಕೋಳಿ ವಿಜ್ಞಾನಿಗೆ, ಮಣ್ಣಿನ ವಿಜ್ಞಾನಿಗೆ ಕೂಡ. ಆದರೆ ಪ್ರೋಗ್ರಾಮರ್ ಅನ್ನುವ ಹೆಸರೇ ಇಲ್ಲ, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್ ಇದೆ. ಮಾಣಿ ಹೋಗುವುದು ಆ ಹೆಸರಿನಲ್ಲೇ. ಜೇನು ಅಂದಕೂಡಲೇ ನನಗೆ ಅಪ್ಪಯ್ಯನ ನೆನಪು. ತೋಟದ ಅಂಚಿಗೆ ತುಡುವೆ ಪೆಟ್ಟಿಗೆ ಇಟ್ಟು, ಮುಚ್ಚಳ ತೆಗೆದು ಬರಿಗೈಯಲ್ಲೇ ಎರಿ ಎತ್ತಿ ನೋಡುತ್ತಿದ್ದರು. "ರಾಣಿ ಚೆನ್ನಾಗಿದ್ದಾಳೆ" ಅಂದರೆ ಅವತ್ತು ಮನೆಯಲ್ಲಿ ಎಲ್ಲರಿಗೂ ಖುಷಿ. ಪಟ್ಟಿಯವರು ಕೇಳುವ ಡಿಗ್ರಿ ಅವರಿಗಿರಲಿಲ್ಲ, ವಿದ್ಯೆ ಮಾತ್ರ ಬೇಕಾದಷ್ಟಿತ್ತು... ಇರಲಿ, ಮಾತು ಎಲ್ಲಿಗೋ ಹೋಯಿತು.

ಇಷ್ಟಾದರೂ ಒಂದು ಜಾಗದಲ್ಲಿ ಹೊಸ ಪಾಸ್‌ಪೋರ್ಟ್ ಕೈ ಕೊಡುತ್ತದೆ. ಅಮೆರಿಕದ ಗ್ರೀನ್ ಕಾರ್ಡ್ ಸಾಲಿನಲ್ಲಿ ಪೌರತ್ವ ಕೇಳುವುದಿಲ್ಲ, ಹುಟ್ಟಿದ ದೇಶ ಕೇಳುತ್ತಾರೆ. ಒಂದೊಂದು ದೇಶಕ್ಕೆ ಶೇ 7ರ ಮಿತಿ. ಶಿರಸಿಯಲ್ಲಿ ಹುಟ್ಟಿದ ಮಾಣಿ ಕೆನಡಾದವನಾದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದವಳಾದರೆ ಅವಳ ಸಾಲಿಗೆ ಸೇರಿಕೊಳ್ಳಬಹುದಂತೆ. ಜಾತಕ ತರಿಸುವಾಗ ಇದನ್ನೂ ನೋಡುವ ಕಾಲ ಬಂತು!

ಪಾಸ್‌ಪೋರ್ಟಿನ ಬಲ ಇರುವುದು ಅದನ್ನು ಕೊಟ್ಟ ದೇಶಕ್ಕಿಂತ ಹೆಚ್ಚಾಗಿ, ಆ ದೇಶ ನೆರೆಹೊರೆಯವರ ಜೊತೆ ಮಾಡಿಕೊಂಡ ಮಾತಿನಲ್ಲಿ. ನಮ್ಮ ಕಾರವಾರದ ಸೇತುವೆ ದಾಟಿ ಗೋವಾಕ್ಕೆ ಹೋದರೆ ಇದು ಮನೆಮನೆಯ ಮಾತು. ಪೋರ್ಚುಗೀಸರ ಕಾಲದಲ್ಲಿ, 1961ರ ಡಿಸೆಂಬರ್ 19ಕ್ಕೆ ಮೊದಲು, ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಪೋರ್ಚುಗಲ್ ಪೌರರಾಗುತ್ತ ಬಂದಿದ್ದಾರೆ. ಹಾಗೆ ಆದವರಲ್ಲಿ ಎಷ್ಟೋ ಜನ ಪೋರ್ಚುಗಲ್ಲಿನಲ್ಲಿ ನಿಲ್ಲದೆ ಇಂಗ್ಲೆಂಡಿನ ಸ್ವಿಂಡನ್‌ಗೆ ಹೋಗಿ ಗೋದಾಮು, ಕಾರ್ಖಾನೆಗಳಲ್ಲಿ ದುಡಿದರು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಿತು ನೋಡಿ, 2021ರಿಂದ ಹೊಸಬರಿಗೆ ಆ ದಾರಿ ಬಂದ್. ಪಾಸ್‌ಪೋರ್ಟ್ ಅದೇ, ಅದರ ಬೆಲೆ ಬೇರೆ.

ಎಲ್ಲಕ್ಕಿಂತ ಅಕ್ಕನ ಜೀವ ಹಿಂಡಿದ್ದು ತೋಟದ ವಿಷಯ. ಎರಡನೇ ಪೌರತ್ವ ಅಂತ ನಾವು ಹೇಳುತ್ತೇವೆ, ನಮ್ಮ ಕಾನೂನಿನಲ್ಲಿ ಎರಡು ಇಟ್ಟುಕೊಳ್ಳಲು ಬರುವುದಿಲ್ಲ. ತಾನಾಗಿ ಬೇರೆ ದೇಶದವನಾದರೆ ಇಲ್ಲಿಯದು ಹೋಯಿತು, ಪಾಸ್‌ಪೋರ್ಟ್ ಒಪ್ಪಿಸಬೇಕು. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಸಿಕ್ಕರೆ ಬಂದು ಹೋಗಿ ಇರಬಹುದು, ವೋಟು ಇಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ದಾನಪತ್ರ ಮಾಡಿಸಿಕೊಳ್ಳುವ ಹಾಗೂ ಇಲ್ಲ. ವಾರಸಿನಿಂದ ಬಂದರೆ ಮಾತ್ರ ಅಡಿಕೆ ತೋಟ ಅವನದಾಗುತ್ತದೆ. ಇದನ್ನು ಕೇಳಿದ ಮೇಲೆ ಅಕ್ಕನ ಮುಖ ಸ್ವಲ್ಪ ಸಡಿಲಾಯಿತು.

ಹುಡುಗರು ಹೊರಗೆ ಹೋಗಿ ದುಡಿಯಲಿ, ಬೇಡ ಅನ್ನುವವರು ಯಾರು? ಆದರೆ ಒಪ್ಪಂದ ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ, ಬಿಟ್ಟ ಪೌರತ್ವ ಮಾತ್ರ ಕೇಳಿದ ತಕ್ಷಣ ವಾಪಸ್ ಬರುವುದಿಲ್ಲ. ಒಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚೆ ಒಂದು ವರ್ಷ ಇಲ್ಲೇ ಇದ್ದು ಕೇಳಬೇಕು. ನಿಮ್ಮ ತಂಗಿಯ ಮಗಳು ನ್ಯೂಜಿಲೆಂಡಿಗೆ ಹೊರಟಿದ್ದಾಳಲ್ಲ, ಅಲ್ಲಿಯ ಪೌರಳಾದರೆ ಆಸ್ಟ್ರೇಲಿಯಾದಲ್ಲೂ ಕೆಲಸ ಮಾಡಬಹುದು, ಒಳ್ಳೆಯದೇ. ಅರ್ಜಿ ಹಾಕುವ ಮೊದಲು ಮನೆಯವರ ಜೊತೆ ಕೂತು ಜಮೀನು, ವೋಟು, ವಯಸ್ಸಾದವರ ವಿಷಯ ಎಲ್ಲ ಮಾತಾಡಲಿ ಅಂತ ಹೇಳಿ. ಆಮೇಲೆ ಯಾವ ದೇಶವಾದರೇನು, ತಿಳಿದು ಹೋದ ಹಾಗಾಗುತ್ತದೆ, ಅಲ್ವಾ?