ಮೂರು ಗ್ರಾಂ ಸೀಸ

ಪಿಕಲ್‌ಬಾಲ್‌ನಲ್ಲಿ ಸೋತವರು ಎರಡು ಪಂಗಡ. ಕೆಲವರು ಜೊತೆಗಾರನ ಮುಖ ನೋಡುತ್ತಾರೆ, ಕೆಲವರು ಪ್ಯಾಡಲ್‌ನ ಮುಖ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಎರಡನೆಯ ಪಂಗಡದವರು. ನೆಟ್ ಹತ್ತಿರ ಕೈ ಚುರುಕಾಗಲೆಂದು 215 ಗ್ರಾಮಿನ ಹಗುರ ಪ್ಯಾಡಲನ್ನು ಒಳ್ಳೇ ದುಡ್ಡು ಕೊಟ್ಟು ತರಿಸಿದರು. ತಿಂಗಳು ತುಂಬುವ ಮೊದಲೇ "ಏಟಿಗೆ ದಮ್ಮೇ ಇಲ್ಲ ಕಣ್ರೀ" ಎಂದು ಅದಕ್ಕೆ ಭಾರ ಹೇರಲು ಸೀಸದ ಟೇಪೂ ಬಂತು. ಹಗುರಕ್ಕೂ ದುಡ್ಡು, ಭಾರಕ್ಕೂ ದುಡ್ಡು.

ಅವರನ್ನು ಅಂದು ಫಲವಿಲ್ಲ, ನಿಯಮವೇ ಹಾಗಿದೆ. ಪ್ಯಾಡಲ್‌ನ ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಕೂಡಿದರೆ 24 ಇಂಚು ದಾಟಬಾರದು ಎಂದು ಅಳತೆಗೆ ಬೇಲಿ ಹಾಕಿದವರು ತೂಕದ ತಂಟೆಗೆ ಹೋಗಿಲ್ಲ. ಸೀಸದ ಟೇಪಿಗೂ ಅಡ್ಡಿಯಿಲ್ಲ. ಪ್ಯಾಡಲ್ ತಿದ್ದುವ ಚಟ ಈ ಆಟಕ್ಕೆ ಹುಟ್ಟಿನಿಂದಲೇ ಅಂಟಿದ್ದು. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಆಟ ಶುರುವಾದಾಗ ಬಾರ್ನಿ ಮೆಕಲಮ್ ಪ್ಲೈವುಡ್ ಕೊಯ್ದು ಪ್ಯಾಡಲ್ ಮಾಡಿದರು. 1984ರಲ್ಲಿ ಬೋಯಿಂಗ್ ಇಂಜಿನಿಯರ್ ಆರ್ಲೆನ್ ಪ್ಯಾರಾಂಟೊ ವಿಮಾನದ ಜೇನುಗೂಡು ಹಲಗೆಯನ್ನೇ ಇದಕ್ಕೆ ಇಳಿಸಿದರು.

ಟೇಪು ಹಚ್ಚುವ ದಿನ ನನಗೂ ಕರೆ ಬಂತು. ಅರ್ಧ ಇಂಚು ಅಗಲದ ಪಟ್ಟಿ ನಾಲ್ಕು ಇಂಚಿಗೆ ಸುಮಾರು ಎರಡು ಗ್ರಾಂ ತೂಗುತ್ತದೆ. ಮ್ಯಾನೇಜರು ಅಂಚನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸ್ಕೇಲಿಟ್ಟು ಕತ್ತರಿಸಿ, ಉಗುರಿನಿಂದ ಉಜ್ಜಿ ಉಜ್ಜಿ ಕೂರಿಸಿದರು. ಅಷ್ಟು ನಿಷ್ಠೆಯಿಂದ ಅವರು ಸರ್ವ್ ಮಾಡಿದ್ದನ್ನು ನಾನು ಕಂಡಿಲ್ಲ.

ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದೇ ಇಲ್ಲಿ ದೊಡ್ಡದು. ಒನಕೆಯನ್ನು ನಡುವೆ ಹಿಡಿದರೆ ಮಗುವೂ ತಿರುಗಿಸೀತು, ತುದಿ ಹಿಡಿದರೆ ಭುಜ ಮಾತಾಡುತ್ತದೆ. ಕೈಯಿಂದ ದೂರ ಎರಡರಷ್ಟಾದರೆ ಬೀಸುವಾಗ ಅದೇ ಗ್ರಾಮಿನ ಕಾಟ ನಾಲ್ಕರಷ್ಟು. ಆದ್ದರಿಂದ ಪ್ಯಾಡಲ್‌ನ ಮುಖವನ್ನು ಗಡಿಯಾರವೆಂದುಕೊಂಡು ಹನ್ನೆರಡರ ಜಾಗಕ್ಕೆ ಅಂಟಿಸಿದರೆ ಏಟು ಗಟ್ಟಿ, ಕೈ ನಿಧಾನ. ಮೂರು ಮತ್ತು ಒಂಬತ್ತರ ಜಾಗದಲ್ಲಾದರೆ ಚೆಂಡು ಓರೆಯಾಗಿ ತಗುಲಿದಾಗ ಪ್ಯಾಡಲ್ ಅಷ್ಟಾಗಿ ತಿರುಚಿಕೊಳ್ಳದು. ತಪ್ಪು ಏಟುಗಳೇ ಹೆಚ್ಚಿರುವ ನಮ್ಮಂಥವರಿಗೆ ಇದೇ ಸರಿ ಎಂದು ನನ್ನ ಮತ. ಹಿಡಿಗೆ ಇನ್ನೊಂದು ಗ್ರಿಪ್ ಸುತ್ತಿದರೂ ಕೆಲವು ಗ್ರಾಂ ಏರುತ್ತದೆ, ಆದರೆ ಭಾರ ಕೈಯಲ್ಲೇ ಕೂರುವುದರಿಂದ ಬೀಸುವಾಗ ಗೊತ್ತೇ ಆಗದು. ಮೊಣಕೈ ನೋಯುವವರು ಒಂದೇ ಸಲ ಹೇರದೆ ಚೂರುಚೂರೇ ಅಂಟಿಸಿ ಆಡಿ ನೋಡಬೇಕು. ಸೀಸ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಬೇಡವೆಂದರೆ ಟಂಗ್‌ಸ್ಟನ್ ಟೇಪಿದೆ, ಜೇಬು ಮಾತ್ರ ಹಗುರವಾಗುತ್ತದೆ.

ಮ್ಯಾನೇಜರು ನನ್ನ ಮತ ಕೇಳಲಿಲ್ಲ, ಮೂರು ಗ್ರಾಮನ್ನು ನೆತ್ತಿಗೇ ಹಚ್ಚಿದರು. ಮರುದಿನ ಮೊದಲ ಸ್ಮ್ಯಾಷಿಗೆ ಚೆಂಡು ಪಕ್ಕದ ಮನೆಯ ಸೋಲಾರ್ ಹೀಟರಿನತ್ತ ಹೋಯಿತು. "ನೋಡಿದ್ರಾ ಪವರ್ರು!" ಎಂದರು. ಆ ಪಂದ್ಯ ಸೋತ ಸಂಜೆ ತಕ್ಕಡಿ ಕೆಳಗಿಳಿಸಿ ಚೆಂಡನ್ನೂ ತೂಗಿದರು. ನಿಯಮದ ಪ್ರಕಾರ ಅದು 22.1ರಿಂದ 26.5 ಗ್ರಾಮಿನೊಳಗಿರಬೇಕು. ಚೆಂಡು ನಿರಪರಾಧಿಯಾಗಿತ್ತು. ಈಗ ಅವರಿಗೆ ನೆಟ್‌ನ ಎತ್ತರದ ಮೇಲೆ ಅನುಮಾನ.