ಕೊಪ್ಪಳ ಸೀಮೆಯ ಕೀಟ ಸಾಮ್ರಾಜ್ಯ ಮತ್ತು ಅದರ ಕಪ್ಪಕಾಣಿಕೆ

ಕೊಪ್ಪಳ ಸೀಮೆಯ ರಾಜಕೀಯ ಇತಿಹಾಸ ಬರೆದವರೆಲ್ಲ ಒಂದೇ ದಾರಿ ಹಿಡಿದಿದ್ದಾರೆ. ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನದಿಂದ ಹೊರಟು, ರಾಷ್ಟ್ರಕೂಟ, ಚಾಲುಕ್ಯರನ್ನು ಹಾದು, ಆನೆಗೊಂದಿಯಲ್ಲಿ ತುಸು ವಿಶ್ರಮಿಸಿ, ಸಾಲಾರ್ ಜಂಗ್ ಜಹಗೀರಿಗೆ ಬಂದು, 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತೆಂದು ಲೇಖನಿ ಕೆಳಗಿಡುತ್ತಾರೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದದ್ದನ್ನು ಅನುಬಂಧದಲ್ಲಿ ಸೇರಿಸುವುದೂ ಉಂಟು. ಈಗ ಇಲ್ಲಿ ರಾಜರಿಲ್ಲ, ಪ್ರಜೆಗಳೇ ಪ್ರಭುಗಳು ಎಂಬುದು ಸರ್ವಸಮ್ಮತ ಅಭಿಪ್ರಾಯ. ಪ್ರಸ್ತುತ ಪ್ರಬಂಧ ಇದನ್ನು ಸವಿನಯವಾಗಿ ನಿರಾಕರಿಸುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಇಂದಿಗೂ ಒಂದು ರಾಜವಂಶ ಆಳುತ್ತಿದೆ. ಅದರ ಅರಸರು ಹೊರದೇಶದಿಂದ ಬಂದ ಗಿಡಗಳು ಮತ್ತು ಹುಳುಗಳು. ರೈತ ಪ್ರತಿ ಹಂಗಾಮಿನಲ್ಲಿ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಶತ್ರುಸಂಹಾರದ ಅಸ್ತ್ರವಲ್ಲ, ಆ ಅರಸರಿಗೆ ಸಲ್ಲಿಸುವ ಕಪ್ಪ ಎಂಬುದು ನಮ್ಮ ಸಿದ್ಧಾಂತ. ಕಪ್ಪವನ್ನು ಗುರುತಿಸುವ ಲಕ್ಷಣಗಳು ಮೂರು: ಅದು ವರ್ಷ ವರ್ಷ ಏರಬೇಕು, ಕೊಟ್ಟವನು ಸೊರಗಬೇಕು, ಪಡೆದವನು ಬಲಿಯಬೇಕು.

ವಂಶದ ಮೂಲಪುರುಷ ಬಳ್ಳಾರಿ ಜಾಲಿ. ಹೆಸರು ಕೇಳಿ ಇವನನ್ನು ತುಂಗಭದ್ರೆಯ ಆಚೆದಂಡೆಯವನೆಂದು ಬಗೆಯಬಾರದು. ಹುಟ್ಟಿದ್ದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಒಣನಾಡಿನಲ್ಲಿ. ದಂಡೆತ್ತಿ ಬಂದವನೂ ಅಲ್ಲ. ಬರಡು ನೆಲ ಹಸಿರಾಗಲಿ, ಸೌದೆಯೂ ಸಿಗಲಿ ಎಂದು 1870ರ ದಶಕದಲ್ಲಿ ಬ್ರಿಟಿಷರ ಆಡಳಿತವೇ ಬೀಜ ತರಿಸಿ ಬರಮಾಡಿಕೊಂಡಿತು. ಆಮೇಲಿನ ರಾಜ್ಯವಿಸ್ತಾರಕ್ಕೆ ಕುರಿಮಂದೆಗಳು ಸಾಕಾದವು: ಕಾಯಿ ಸಿಹಿ, ಬೀಜ ಗಟ್ಟಿ, ಹೊಟ್ಟೆಯಲ್ಲಿ ಹಾದುಬಂದ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ, ಮೇಲೆ ಹಿಕ್ಕೆಯ ಗೊಬ್ಬರ ಉಚಿತ. ಕಡಿದರೆ ಬುಡದಿಂದ ನಾಲ್ಕು ಕವಲಾಗಿ ಏಳುವ ಈ ಅರಸ ಹಳ್ಳ, ಕೆರೆಯಂಗಳ, ಗಾಂವಠಾಣಗಳನ್ನು ಪಟ್ಟಾ ಇಲ್ಲದೆಯೇ ಸ್ವಾಧೀನಪಡಿಸಿಕೊಂಡಿದ್ದಾನೆ. ಎರಡನೆಯವನು ಪಾರ್ಥೇನಿಯಂ, ಊರವರ ಬಾಯಲ್ಲಿ ಕಾಂಗ್ರೆಸ್ ಕಸ (ಬೆಳೆಯುವುದು ಮಾತ್ರ ಪಕ್ಷಾತೀತವಾಗಿ). 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಇವನನ್ನು ಕರ್ನಾಟಕ ಸರ್ಕಾರ 1975ರಲ್ಲಿ ಅಪಾಯಕಾರಿ ಕಳೆಯೆಂದು ಕಾನೂನಿನಡಿ ಘೋಷಿಸಿತು. ಆದೇಶ ತಲುಪದ ಊರುಗಳಿದ್ದಾವು, ಕಸ ತಲುಪದ ಊರಿಲ್ಲ. 1984ರಲ್ಲಿ ಇವನನ್ನು ಮೇಯಲೆಂದು ಮೆಕ್ಸಿಕೊದ ಒಂದು ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಸೂರ್ಯಕಾಂತಿಗೂ ಬಾಯಿ ಹಾಕುತ್ತದೆಂಬ ಆರೋಪ ಎದುರಿಸಿಯೂ ಸೇವೆಯಲ್ಲಿ ಉಳಿಯಿತು. ಆದರೆ ಅದು ದುಡಿಯುವುದು ಮಳೆಗಾಲದಲ್ಲಿ. ನೆಲ ಒಣಗಿತೆಂದರೆ ಮಣ್ಣು ಸೇರಿ ತಿಂಗಳುಗಟ್ಟಲೆ ಮಲಗುತ್ತದೆ. ಮಳೆಯೇ ಅಪರೂಪವಾದ ಯಲಬುರ್ಗಾ, ಕುಷ್ಟಗಿಗಳಿಗೆ ಇಂಥ ನೌಕರನನ್ನು ನಿಯೋಜಿಸಿದರೆ ಅವನ ಹಾಜರಿ ಪುಸ್ತಕ ಹೇಗಿದ್ದೀತು?

ಈ ಇಬ್ಬರು ನೆಲದೊಡೆಯರು. ಕಪ್ಪ ವಸೂಲಿಯಲ್ಲಿ ಪಳಗಿದವರು ಕೀಟಶಾಖೆಯವರು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾ ಸೇರಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಭಾರತದ ಪಾಲಿಗೆ ಮೊದಲ ಬಾರಿ ದರ್ಶನ ಕೊಟ್ಟಿತು. ಹಗಲೆಲ್ಲ ಸುಳಿಯೊಳಗೆ ಕೂತು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುವ ಈ ಹುಳುವಿಗೆ ಮೇಲಿಂದ ಹೊಡೆದ ಎಣ್ಣೆ ತಾಕುವುದು ಕಷ್ಟ. ಆದ್ದರಿಂದ ಶಾಸ್ತ್ರಜ್ಞರು ಒಂದು ವಿಧಿ ಹೇಳಿದರು: ಅಕ್ಕಿ ತೌಡು 10 ಕಿಲೊ, ಬೆಲ್ಲ 2 ಕಿಲೊ, ನೀರಲ್ಲಿ ಕಲಸಿ 24 ಗಂಟೆ ಹುಳಿಬರಿಸಿ, ವಿಷ ಬೆರೆಸಿ, ಸುಳಿಗೆ ಉದುರಿಸುವುದು. ಧರ್ಮಶಾಸ್ತ್ರ ಬಲ್ಲವರಿಗೆ ಇದು ನೈವೇದ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಗ್ನೇಯ ಏಷ್ಯಾದ ಥ್ರಿಪ್ಸ್ ನುಸಿಯದು ಇನ್ನೊಂದು ಕತೆ. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಸದ್ದಿಲ್ಲದೆ ಬಿಡಾರ ಹೂಡಿ, 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳ ಹೂವಿನೊಳಗೆ ಒಮ್ಮೆಲೇ ಪಟ್ಟವೇರಿತು. ರೈತರು ಒಂದರ ಮೇಲೊಂದು ಎಣ್ಣೆ ಹೊಡೆದರು. ಹೂವು ಉದುರಿತು, ಸಾಲ ನಿಂತಿತು.

ಆದರೆ ಸಿದ್ಧಾಂತಕ್ಕೆ ಗಟ್ಟಿ ಆಧಾರ ಸಿಗುವುದು ಗಂಗಾವತಿಯ ಗದ್ದೆಗಳಲ್ಲಿ, ಅದೂ ವಂಶಕ್ಕೆ ಸೇರದ ಒಂದು ಸ್ಥಳೀಯ ಕೀಟದಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ನೀರು ನಿಂತು, ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಈ ತಾಲ್ಲೂಕು ಭತ್ತದ ಕಣಜವಾಯಿತು. ಕಂದು ಜಿಗಿಹುಳು ಏಷ್ಯಾದ ಹಳೆಯ ನಿವಾಸಿ. ಜೇಡ ಮತ್ತು ಮಿರಿಡ್ ತಿಗಣೆಗಳ ಕಾವಲಿನಲ್ಲಿ ತಲೆ ತಗ್ಗಿಸಿಕೊಂಡು ಬದುಕಿತ್ತು. ಅದನ್ನು ಸಾಮಂತ ಪದವಿಗೇರಿಸಿದ್ದು ಎಣ್ಣೆಯೇ. ಅದು ಮೊಟ್ಟೆಯನ್ನು ಎಲೆಕವಚದ ಒಳಪದರದಲ್ಲಿ ಅಡಗಿಸಿಡುತ್ತದೆ. ಮೊದಲ ಸಿಂಪಡಣೆಗೆ ಬಯಲಲ್ಲಿ ಓಡಾಡುವ ಜೇಡ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ವಾರ ಕಳೆದು ಮರಿಗಳು ಹೊರಬಂದಾಗ ಕಾವಲುಗಾರರಿಲ್ಲದ ಗದ್ದೆ, ಯೂರಿಯಾ ಉಂಡು ಕೊಬ್ಬಿದ ಪೈರು, ಎರಡೂ ಸಿದ್ಧ. ಗದ್ದೆ ದುಂಡಗೆ ಸುಟ್ಟಂತೆ ಕಂಡಾಗ ರೈತ ಮತ್ತೆ ಅಂಗಡಿಗೆ ಓಡುತ್ತಾನೆ. ಕಪ್ಪದ ಮೂರು ಲಕ್ಷಣಗಳು ಇಷ್ಟು ಸ್ಪಷ್ಟವಾಗಿ ವಿಜಯನಗರದ ಕಾಲದಲ್ಲೂ ಕಾಣಿಸಿರಲಾರವು. ಗದ್ದೆಯಿಂದ ಬಸಿದ ನೀರು ಹಳ್ಳ ಸೇರಿ ಹೊಳೆ ಸೇರುವುದರಿಂದ, ಈ ರಾಜ್ಯದಲ್ಲಿ ಒಂದು ಎಕರೆಯೂ ಇಲ್ಲದ ಮೀನು, ಕಪ್ಪೆ, ಎರೆಹುಳುಗಳೂ ತಮ್ಮ ಪಾಲಿನ ತೆರಿಗೆ ಕಟ್ಟುತ್ತವೆ. ಜೇನ್ನೊಣಕ್ಕೂ ವಿನಾಯಿತಿ ಇಲ್ಲ.

ಶಾಸನಾಧಾರವೂ ಉಂಟು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಶಾಸನವನ್ನು ಒಂಬತ್ತು ಶತಮಾನಗಳ ನಂತರವೂ ಓದಬಹುದು. ಎಣ್ಣೆ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಕೊಂಡ ದಿನವೇ ಓದಲಾಗದು. ಅಕ್ಷರ ಸಾಸಿವೆಗಿಂತ ಸಣ್ಣದು. ಇದು ಲಿಪಿಕಾರನ ದೋಷವಲ್ಲ, ರಾಜರಹಸ್ಯ ಕಾಪಾಡುವ ಕ್ರಮ. ಓದಲು ಬಾರದವರಿಗಾಗಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳ ವರ್ಣಾಶ್ರಮ ಉಂಟು: ಕೆಂಪು ಅತಿ ಘೋರ, ಹಸಿರು ಕಿಂಚಿತ್ ಘೋರ. ಹಸಿರೆಂದರೆ ಪೈರಿಗೆ ಒಳ್ಳೆಯದೆಂದು ಯಾರಾದರೂ ತಿಳಿದರೆ ಅದು ಓದುಗನ ಪ್ರತಿಭೆ. ಕೈಗವಸು, ಮುಖಕವಚ, ಉದ್ದ ತೋಳಿನ ಅಂಗಿ ಧರಿಸಿ, ಗಾಳಿಯ ದಿಕ್ಕು ನೋಡಿ ಸಿಂಪಡಿಸಬೇಕೆಂಬ ವಿಧಿಯೂ ಅಲ್ಲೇ ಇದೆ. ಕುಷ್ಟಗಿಯ ಬಿಸಿಲಿನಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡ ಕೂಲಿಯವನು ಟವೆಲ್ಲೊಂದನ್ನು ಮೂಗಿಗೆ ಸುತ್ತಿ ಇಡೀ ಸಂಹಿತೆಯನ್ನು ಸಂಕ್ಷೇಪಿಸಿದ್ದಾನೆ. ಹೊಲ ಅವನದಲ್ಲ, ಬೆಳೆ ಅವನದಲ್ಲ. ಉಸಿರು ಮಾತ್ರ ಅವನದು.

ಇನ್ನು ಪೂರ್ವಪಕ್ಷ. ಕಪ್ಪವೆಂದ ಮೇಲೆ ಪಡೆಯುವ ಕೈ ಬೇಕು, ಹುಳು ಹಣ ಮುಟ್ಟುವುದಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಂಪಿಯ ರಾಯನೂ ಖುದ್ದಾಗಿ ಚೀಲ ಹಿಡಿದು ಹೊರಟವನಲ್ಲ, ಸುಂಕದವರಿದ್ದರು. ಇಲ್ಲಿ ಗೊಬ್ಬರದ ಅಂಗಡಿ ಉದ್ರಿ ಕೊಟ್ಟು ಸುಗ್ಗಿಯಲ್ಲಿ ವಸೂಲಿ ಮಾಡುತ್ತದೆ. ಯಾವ ರೋಗಕ್ಕೆ ಯಾವ ಎಣ್ಣೆಯೆಂದು ನಿರ್ಣಯಿಸುವುದೂ ಅಲ್ಲೇ. ಎರಡನೆಯದು ತೂಕದ ಆಕ್ಷೇಪ: ಎಣ್ಣೆ ನಿಂತರೆ ಅನ್ನ ನಿಂತೀತು. 1986ರಲ್ಲಿ ಇಂಡೋನೇಷ್ಯಾ, ಇದೇ ಜಿಗಿಹುಳುವಿನಿಂದ ಬೇಸತ್ತು, ಭತ್ತಕ್ಕೆ 57 ಕೀಟನಾಶಕಗಳನ್ನು ಒಮ್ಮೆಲೇ ನಿಷೇಧಿಸಿತು. ಮುಂದೆ ಸಬ್ಸಿಡಿಯನ್ನೂ ಕಿತ್ತಿತು. ಅಕ್ಕಿ ಕಡಿಮೆಯಾಗಲಿಲ್ಲ, ಹೆಚ್ಚಿತು. ಎಲ್ಲ ಬೆಳೆಗೂ ಇದು ಹೀಗೇ ಅನ್ವಯಿಸುತ್ತದೆಂದು ನಾವು ವಾದಿಸುವುದಿಲ್ಲ. ದುಂಡಾಣು ಅಂಗಮಾರಿ ಬಡಿದ ದಾಳಿಂಬೆ ತೋಟದ ಮುಂದೆ ನಿಂತು ಹಾಗೆನ್ನಲು ಧೈರ್ಯವೂ ಸಾಲದು. ಮೂರನೆಯವರು, ಜಾಲಿ ಇಲ್ಲದಿದ್ದರೆ ಬಡವರ ಒಲೆ ಉರಿಯುವುದು ಹೇಗೆ ಎನ್ನುತ್ತಾರೆ. ಒಪ್ಪಿದೆವು. ಆದರೆ ಕೆರೆ ನುಂಗಿದವನು ಸೌದೆ ಕೊಟ್ಟರೆ ದಾನಿಯಾಗುವನೇ? ನಾಲ್ಕನೆಯ ಆಕ್ಷೇಪ ಚತುರವಾದದ್ದು: ಮೆಣಸಿನಕಾಯಿ, ಮೆಕ್ಕೆಜೋಳ, ಶೇಂಗಾ ಎಲ್ಲವೂ ಅಮೆರಿಕದವು, ಅವನ್ನೇಕೆ ಪರಕೀಯರೆನ್ನುವುದಿಲ್ಲ? ಪರೀಕ್ಷೆ ಸುಲಭ. ಹೊಲವನ್ನು ಎರಡು ವರ್ಷ ಬೀಳುಬಿಡಿ. ಮೆಣಸಿನಕಾಯಿ ಇರುವುದಿಲ್ಲ, ಜಾಲಿ ಇರುತ್ತದೆ. ಹುಟ್ಟಿದೂರಿನ ಮೇಲೆ ಯಾರಿಗೂ ನಮ್ಮ ತಕರಾರಿಲ್ಲ, ನಡತೆಯ ಮೇಲೆ ಮಾತ್ರ.

ಕೊನೆಯದಾಗಿ, ಈ ಸಾಮ್ರಾಜ್ಯಕ್ಕೆ ಶರಣಾಗದ ಪಾಳೆಯಗಾರರ ವಿಚಾರ. ಎರೆಭೂಮಿಯ ಹಿಂಗಾರಿ ಜೋಳ, ಅದರ ಸುತ್ತ ದನ ತಡೆಯಲು ಮುಳ್ಳಿನ ಕುಸುಬಿ. ಮುಂಗಾರಿಯಲ್ಲಿ ಸಜ್ಜೆಯ ನಡುವೆ ಅಕ್ಕಡಿಯಾಗಿ ತೊಗರಿ, ಹೆಸರು, ಅಲಸಂದಿ. ಒಂದೇ ಹೊಲದಲ್ಲಿ ಇಷ್ಟು ಬಗೆ ಇದ್ದಲ್ಲಿ ಯಾವ ಹುಳುವಿಗೂ ಪೂರ್ತಿ ಊಟ ಸಿಗದು, ಜೇಡಕ್ಕೆ ಮಾತ್ರ ವರ್ಷವಿಡೀ ಮನೆ ಸಿಗುತ್ತದೆ. ಯಲಬುರ್ಗಾ, ಕುಷ್ಟಗಿಗಳಲ್ಲಿ ಇಂಥ ಹೊಲಗಳ ಜಾಗಕ್ಕೆ ಮೆಕ್ಕೆಜೋಳ ಬಂದಲ್ಲೆಲ್ಲ ಹಿಂದೆಯೇ ಸೈನಿಕ ಹುಳುವಿನ ಠಾಣ್ಯವೂ ಬಂದಿದೆ. ಉಳಿದ ಜೋಳದ ಹೊಲಗಳು ಸ್ವತಂತ್ರವೆಂದು ಘೋಷಿಸಲು ಲಿಖಿತ ಪ್ರಮಾಣ ಬೇಕು, ಅಂದರೆ ಕಪ್ಪ ಕಟ್ಟಿದ ರಸೀದಿ ಅಲ್ಲಿ ಸಿಗಬಾರದು. ರಸೀದಿ ಸಿಗುವುದಿಲ್ಲವೆಂಬುದೇನೋ ದಿಟ. ಅದಕ್ಕೆ ಕಾರಣ ಎಣ್ಣೆ ಕೊಳ್ಳದಿದ್ದುದೋ, ಅಂಗಡಿಯಲ್ಲಿ ಬಿಲ್ಲು ಕೊಡದಿದ್ದುದೋ ಎಂಬುದನ್ನು ಮುಂದಿನ ಸಂಶೋಧಕರು ನಿರ್ಣಯಿಸಬೇಕು.