ಭಂಗಿ ಪಂಡಿತ

ರಾಜಕಾರಣಿ ಬಾಯಲ್ಲಿ ಹೇಳಿದ್ದನ್ನು ನಂಬದೆ, ಅವನ ಹುಬ್ಬು, ಹೆಗಲು, ಕೈಬೆರಳು ನೋಡಿ ಭವಿಷ್ಯ ಹೇಳುವವನು ಭಂಗಿ ಪಂಡಿತ. ಮೊಸಳೆಹೊಸಹಳ್ಳಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಟೀ ಅಂಗಡಿಗಳಲ್ಲಿ ಇವನು ಹೇರಳ. ಟಿವಿಯಲ್ಲಿ ಭಾಷಣ ಶುರುವಾಯಿತೆಂದರೆ ರಿಮೋಟ್ ಕಿತ್ತುಕೊಂಡು ದನಿ ಅಡಗಿಸುತ್ತಾನೆ. "ಬಾಯಿ ಬುಡ್ಲಾ, ಕೈ ನೋಡು."

ಈ ಶಾಸ್ತ್ರದ ಮೂಲ ದನದ ಜಾತ್ರೆ. ಬೂಕನಬೆಟ್ಟದಂಥ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಬಾಯಿ "ಆಗಲ್ಲ ಹೋಗು" ಅನ್ನುವಾಗಲೇ ಬೆರಳು ಒಪ್ಪಿರುತ್ತದೆ. ಅಲ್ಲಿ ಪಳಗಿದವನಿಗೆ ಪ್ರಣಾಳಿಕೆ ಯಾವ ಲೆಕ್ಕ?

ಅಧ್ಯಯನಕ್ಕೆ ಹಾಸನ ಜಿಲ್ಲೆಯಲ್ಲಿ ಬರವಿಲ್ಲ. ಎಚ್.ಡಿ. ರೇವಣ್ಣನವರ ಕೈಯ ನಿಂಬೆಹಣ್ಣು ಬಲಗೈಯಿಂದ ಎಡಗೈಗೆ ಹೋದರೆ ಇವನಿಗೆ ಸಂಪುಟ ವಿಸ್ತರಣೆ ಕಾಣುತ್ತದೆ. ದೇವೇಗೌಡರು ಸಭೆಯಲ್ಲಿ ಕಣ್ಣು ಮುಚ್ಚಿದರೆ ದೆಹಲಿಯವರು ನಿದ್ದೆ ಅಂದರು, ಇವನು ಲೆಕ್ಕಾಚಾರ ಅಂದ. 2018ರ ಮೇ 23ರಂದು ಕುಮಾರಸ್ವಾಮಿಯವರ ಪ್ರಮಾಣವಚನಕ್ಕೆ ಬಂದ ನಾಯಕರು ವಿಧಾನಸೌಧದ ಮುಂದೆ ಕೈ ಕೈ ಹಿಡಿದೆತ್ತಿದಾಗ "ಹಿಡಿತ ಸಡಿಲ ಐತೆ" ಎಂದ. ಹದಿನಾಲ್ಕು ತಿಂಗಳಿಗೆ ಸರ್ಕಾರ ಬಿತ್ತು. ಆ ಒಂದು ಮಾತಿನ ಬಲದಲ್ಲಿ ಇಂದಿಗೂ ಸಾಲದ ಟೀ ಕುಡಿಯುತ್ತಿದ್ದಾನೆ. ಎದುರಿಗೆ ನಿಂತ ಅಂಗಡಿಯವನ ಮುಖದಲ್ಲಿ ಹಳೇ ಬಾಕಿ ಎದ್ದು ಕಾಣುತ್ತಿದ್ದರೂ ಅದನ್ನು ಓದಲು ಮಾತ್ರ ಇವನಿಗೆ ಬಾರದು.

ಪೇಟೆಯ ಪಂಡಿತ ಅಂಕಿಯನ್ನೇ ಎಸೆಯುತ್ತಾನೆ: ಅರ್ಥ ಮುಟ್ಟಿಸುವುದರಲ್ಲಿ ಮಾತಿನ ಪಾಲು ಶೇ. 7, ದನಿಯದು 38, ಮುಖದ್ದು 55. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹೊರಟ ಲೆಕ್ಕ. ಒಂಟಿ ಪದ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳಿದವರಿಗೆ ಇಷ್ಟವೋ ಅಲ್ಲವೋ ಎಂದು ಊಹಿಸಲು ಕೇಳಿದ್ದರು, ಅಷ್ಟೇ. ಭಾವನೆಯ ವಿಷಯ ಬಿಟ್ಟು ಬೇರೆಡೆ ಇದು ಅನ್ವಯಿಸದು ಎಂದು ಅವರೇ ಎಚ್ಚರಿಸಿದ್ದಾರೆ. ಎಚ್ಚರಿಕೆ ಬರೀ ಮಾತಿನಲ್ಲಿದ್ದುದರಿಂದ ಪಂಡಿತ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಣ್ಣೀರಿನ ವಿಷಯಕ್ಕೆ ಬಂದರೆ ಪಂಡಿತರಲ್ಲೇ ಒಮ್ಮತವಿಲ್ಲ. 2019ರ ಮಾರ್ಚ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಮೂಡಲಹಿಪ್ಪೆಯಲ್ಲಿ ದೇವೇಗೌಡರು ಹಾಸನ ಕ್ಷೇತ್ರವನ್ನು ಮೊಮ್ಮಗನಿಗೆ ಬಿಟ್ಟುಕೊಡುತ್ತ ಕಣ್ಣೀರಿಟ್ಟರು. ಒಬ್ಬ ಪಂಡಿತ ಇದು ಗೆಲ್ಲೋ ಅಳು ಎಂದ; ಇನ್ನೊಬ್ಬ ಸೋಲೋ ಅಳು ಎಂದ. ಬೆಟ್ಟು ಕಟ್ಟಿದರು. ಮೇ ತಿಂಗಳಲ್ಲಿ ಮತ ಎಣಿಕೆಯಾದಾಗ ಮೊಮ್ಮಗ ಹಾಸನದಲ್ಲಿ ಗೆದ್ದರು, ತಾತ ತುಮಕೂರಿನಲ್ಲಿ ಸೋತರು. ಬೆಟ್ಟಿನ ದುಡ್ಡು ಇನ್ನೂ ಇತ್ಯರ್ಥವಾಗಿಲ್ಲ.